ಪಾಚಿಬಲೆಗೆ ಬಿಟ್ಟ ನೀರು

"ಯಾರು ತಿರುಗಿಸಿದ್ದು ಅಂತ ಕೇಳ್ತಾ ಇದೀನಿ. ಕಿವಿ ಕೇಳಲ್ವಾ ನಿಂಗೆ?"

ಕಲ್ಯಾಣಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ದಂಟಿನಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮನೇಲಿರೋದು ಮೂರು ಜನ. ನಾನು ತಿರುಗಿಸಿಲ್ಲ. ಅಮ್ಮನಿಗೆ ಮಂಚದಿಂದ ಏಳೋದೇ ಕಷ್ಟ. ಮೀನೇನಾದ್ರೂ ಎದ್ದು ಬಂದು ತಿರುಗಿಸ್ತಾ?"

"ನಾನೇ ಅಂದ್ಕಳಿ," ಎಂದಳು ಕಲ್ಯಾಣಿ. "ಅಂದ್ಕಂಡು ಬಿಟ್ಬಿಡಿ."

ಆ ಮಾತಿಗೆ ವೆಂಕಟೇಶನ ಮೈ ಉರಿಯಿತು. ಹೌದು ಎಂದಿದ್ದರೆ ಬೈಯಬಹುದಿತ್ತು, ಇಲ್ಲ ಎಂದಿದ್ದರೆ ಇನ್ನಷ್ಟು ಬೈಯಬಹುದಿತ್ತು. ಅಂದ್ಕಳಿ ಎನ್ನುವವಳನ್ನು ಏನು ಮಾಡುವುದು? ಅವನು ಮತ್ತೆ ತೊಟ್ಟಿಯ ಕಡೆ ತಿರುಗಿದ. ಹಾಲ್‌ನ ಗೋಡೆಗೆ ಒತ್ತಿಕೊಂಡಿದ್ದ ನಾಲ್ಕಡಿಯ ಗಾಜಿನ ತೊಟ್ಟಿ, ಅದರೊಳಗೆ ಹನ್ನೊಂದು ಗೋಲ್ಡ್ ಫಿಶ್. ತೊಟ್ಟಿಯ ಮೇಲೆ ಅಡ್ಡಕ್ಕೆ ಒಂದು ಪಿವಿಸಿ ಪೈಪು, ಪೈಪಿನ ಹೊಟ್ಟೆಯಲ್ಲಿ ಉದ್ದಕ್ಕೂ ಒಂದು ಸೀಳು, ಆ ಸೀಳಿನಿಂದ ಇಳಿಬಿದ್ದ ಒರಟು ಪ್ಲಾಸ್ಟಿಕ್ ಬಲೆ. ಮೇಲೂರಿನಲ್ಲಿ ರೇಷ್ಮೆಹುಳ ಸಾಕುವವರು ಹುಳುವಿನ ಹಾಸಿಗೆಗೆ ಹಾಕುವ ಬಲೆ ಅದು. ಕೇಳಿ ತಂದು, ಗರಗಸದ ಬ್ಲೇಡಿನಿಂದ ಉಜ್ಜಿ ಇನ್ನಷ್ಟು ಒರಟು ಮಾಡಿದ್ದ. ಮೋಟರು ನೀರನ್ನು ಒಂದು ವಾಲ್ವಿನ ಮೂಲಕ ಪೈಪಿಗೆ ಏರಿಸಬೇಕು, ನೀರು ಬಲೆಯ ಎರಡೂ ಮುಖಕ್ಕೆ ಪರದೆಯ ಹಾಗೆ ಇಳಿಯಬೇಕು, ಎರಡು ಕಡೆಯ ದೀಪದ ಬೆಳಕಿಗೆ ಬಲೆಯ ಮೇಲೆ ಪಾಚಿ ಬೆಳೆಯಬೇಕು. ಮೀನಿನ ಹೊಲಸನ್ನೆಲ್ಲ ಆ ಪಾಚಿ ಹೀರಿಕೊಳ್ಳುತ್ತದೆ, ಗಾಜು ತಿಳಿಯಾಗಿರುತ್ತದೆ. ವಾರಕ್ಕೊಂದು ಸಲ ಬಲೆಯನ್ನು ತೆಗೆದು ಕೆರೆದರೆ ಮುಗಿಯಿತು. ಆದರೆ ನೀರು ಒಂದೇ ಸಮ ಇಳಿಯಬೇಕು. ರಾತ್ರಿ ಅವನು ಮಲಗುವಾಗ ಬಲೆ ತುದಿಯಿಂದ ತುದಿಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಈಗ ನೋಡಿದರೆ ನಡುವೆ ಎರಡು ಎಳೆ ನೀರು ಜಾರುತ್ತಿದೆ, ಎರಡೂ ಅಂಚು ಒಣಗಿ ಹಸಿರು ಹಳದಿಗೆ ತಿರುಗಿದೆ, ವಾಲ್ವಿನ ಕೆಂಪು ಹಿಡಿ ಮುಕ್ಕಾಲು ಮುಚ್ಚಿ ಅಡ್ಡಕ್ಕೆ ನಿಂತಿದೆ. ಇದು ಒಂದು ದಿನದ ಕಥೆಯಲ್ಲ. ಎಷ್ಟೋ ಬೆಳಿಗ್ಗೆ ಹೀಗೆಯೇ ಆಗಿದೆ. ಮೊದಲು ಅವನು ಮೋಟರನ್ನು ಅನುಮಾನಿಸಿದ್ದ, ಆಮೇಲೆ ಸೀಳಿನೊಳಗೆ ಬೆಳೆದ ಪಾಚಿಯನ್ನು. ವಾಲ್ವು ತಾನಾಗಿ ತಿರುಗುವುದಿಲ್ಲ ಎನ್ನುವುದು ಹೊಳೆದದ್ದು ಈ ವಾರ.

ಇವತ್ತು ಹತ್ತು ಗಂಟೆಗೆ ಅಂಬರೀಶ ಬರುತ್ತಾನೆ. ಕಲ್ಯಾಣಿಯ ತಮ್ಮ, ಚಿಂತಾಮಣಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ತೊಟ್ಟಿ ಕೊಟ್ಟವನು ಅವನೇ, ಪಾಚಿಬಲೆಯ ವಿಚಾರ ತಲೆಗೆ ತುಂಬಿದವನೂ ಅವನೇ. ಹೋದ ಭಾನುವಾರ ಬಂದವನು ಬಲೆಯನ್ನು ಬಗ್ಗಿ ನೋಡಿ, ಕನ್ನಡಕ ಮೇಲಕ್ಕೆ ತಳ್ಳಿ, "ಏನ್ ಭಾವ, ಊರಿಗೆಲ್ಲ ನೀರು ಬಿಡೋರು ನೀವು, ಮೀನಿಗೆ ಇಷ್ಟೇನಾ ಫ್ಲೋ?" ಎಂದು ನಕ್ಕಿದ್ದ. ಕೆಟ್ಟ ನಗುವಲ್ಲ. ಆದರೆ ಕಾಫಿ ಲೋಟ ಹಿಡಿದು ನಿಂತಿದ್ದ ಕಲ್ಯಾಣಿಯ ಬಾಯಿಯ ಕೊನೆಯೂ ಸ್ವಲ್ಪ ಏರಿತ್ತು. ವೆಂಕಟೇಶ ಅದನ್ನು ನೋಡಿದ್ದ. ಇಪ್ಪತ್ತೆರಡು ವರ್ಷದಿಂದ ಚಿಕ್ಕಬಳ್ಳಾಪುರದ ಬೀದಿ ಬೀದಿಯ ವಾಲ್ವು ತಿರುಗಿಸಿದ ಕೈ ಅವನದು. ಯಾವ ಏರಿನಲ್ಲಿ ನೀರು ಸೋಲುತ್ತದೆ, ಯಾವ ತಿರುವಿನಲ್ಲಿ ಗಾಳಿ ಕಟ್ಟುತ್ತದೆ ಎಂದು ಪೈಪಿಗೆ ಕಿವಿ ಇಟ್ಟು ಹೇಳುತ್ತಾನೆ. ಪುಸ್ತಕ ಓದಿ ಬಂದವನು ಅವನಿಗೆ ಹರಿವು ಹೇಳಿಕೊಡುತ್ತಾನೆ! ಆ ಸೋಮವಾರದಿಂದ ಶನಿವಾರದ ತನಕ ಡ್ಯೂಟಿ ಮುಗಿಸಿ ಬಂದವನು ಅಂಗಿಯನ್ನೂ ಬಿಚ್ಚದೆ ತೊಟ್ಟಿಯ ಮುಂದೆ ಕೂತಿದ್ದ. ಪೈಪಿನ ಮೂಲೆ ತಿರುವಿನ ಎರಡು ಎಲ್ಬೋ ಕಿತ್ತು ಅಲ್ಲಿ ಬಾಗುವ ಹೋಸು ಹಾಕಿದ. ಸೀಳನ್ನು ಹ್ಯಾಕ್ಸಾ ಬ್ಲೇಡಿನಿಂದ ಒಂದು ಎಳೆ ಅಗಲ ಮಾಡಿದ. ದೊಡ್ಡ ಮೋಟರು ತಂದ. ನೀರು ಬಲೆಯ ಮೇಲೆ ಹಾಳೆಯ ಹಾಗೆ ಇಳಿದು, ಬಲೆಯ ಕೆಳಗಿನ ಅಂಚಿನಿಂದ ಒಂದು ಗೇಣು ಕೆಳಕ್ಕೆ ತೊಟ್ಟಿಗೆ ಬೀಳುವಾಗ ಕೋಡಿ ಬಿದ್ದ ಕೆರೆಯ ಸದ್ದು ಬರುತ್ತಿತ್ತು. ಆ ಸದ್ದು ಕೇಳುತ್ತ ಅವನು ಎಷ್ಟೋ ಹೊತ್ತು ಸುಮ್ಮನೆ ಕೂತಿರುತ್ತಿದ್ದ. ಹೊರಗೆ ನೀರು ಬಿಟ್ಟರೂ ಬೈಗುಳ, ನಿಲ್ಲಿಸಿದರೂ ಬೈಗುಳ. ಆಚೆ ಬೀದಿಗೆ ಅರ್ಧ ಗಂಟೆ ಜಾಸ್ತಿ ಬಿಟ್ಟೆ ಎಂದು ಹೆಂಗಸರು ಖಾಲಿ ಬಿಂದಿಗೆ ಹಿಡಿದು ಅವನ ಸ್ಕೂಟರಿಗೆ ಅಡ್ಡ ನಿಲ್ಲುತ್ತಾರೆ. ಮೀನುಗಳು ಏನೂ ಅನ್ನುವುದಿಲ್ಲ.

ತೊಟ್ಟಿಯ ಪಕ್ಕದ ಮಂಚದಲ್ಲಿ ಅಮ್ಮ ಅಕ್ಕಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಚ್ಚರವಾಗಿಯೇ ಇದ್ದಳು, ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಅವನ ಜಗಳಕ್ಕೆ ಅವಳು ಯಾವತ್ತೂ ಬಾಯಿ ಹಾಕುವುದಿಲ್ಲ. ಐದು ತಿಂಗಳ ಹಿಂದೆ ನಗರಗೆರೆಯಿಂದ, ಅಕ್ಕ ಆಂಜಿನಮ್ಮನ ಮನೆಯಿಂದ, ಅವಳನ್ನು ಕರೆದು ತಂದದ್ದು ಅವನೇ. ಅಂದು ಮುಂಚೆ ತಿಳಿಸದೆ ಹೋಗಿದ್ದ. ಕೊಟ್ಟಿಗೆಗೆ ಹೊಂದಿಕೊಂಡ ಚಪ್ಪರದ ಕೆಳಗೆ ಅಮ್ಮನ ಚಾಪೆ ಕಂಡು ತಲೆ ಕೆಟ್ಟು, ಭಾವನ ಎದುರು, ಭಾವನ ತಾಯಿಯ ಎದುರು, ಬೇಲಿಯಾಚೆ ಬಗ್ಗಿ ನೋಡುತ್ತಿದ್ದವರ ಎದುರು ಕೂಗಿದ್ದ: ನಮ್ಮಮ್ಮ ಇನ್ನ ಈ ಹೊಸ್ತಿಲು ತುಳಿಯಲ್ಲ, ನನ್ನ ಮನೇಲಿ ಹಾಲ್‌ನಲ್ಲಿ ಮಂಚದ ಮೇಲೆ ಮಲಗ್ತಾಳೆ, ಅವಳ ಕೊನೇ ಉಸಿರು ಅಲ್ಲೇ. ಆಂಜಿನಮ್ಮ ಅಳುತ್ತ ಏನೋ ಹೇಳಲು ಬಂದಿದ್ದಳು. ಅಮ್ಮನೇ ಬೇಕು ಅಂತ ಅಲ್ಲಿ ಮಲಗ್ತಾಳೆ ಕಣೋ, ಅವಳಿಗೆ ಅದೇ ಅನುಕೂಲ ಎಂದೇನೋ. ಅವನು ಕೇಳಿಸಿಕೊಳ್ಳಲಿಲ್ಲ. ತನ್ನ ಐವತ್ತು ವರ್ಷದಲ್ಲಿ ತಾನು ಆಡಿದ ಒಳ್ಳೆಯ ಮಾತು ಅದೊಂದೇ ಎಂದು ಅವನ ನಂಬಿಕೆ. ಅದು ಉಳಿಯಬೇಕು. ಅಮ್ಮ ಈ ಮಂಚದ ಮೇಲೆ ಇರುವ ತನಕ ಅವನು ಅಪ್ಪನಂಥವನಲ್ಲ.

ಅಪ್ಪ ನೀರುಗಂಟಿ. ಊರಿನ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಹಂಚುತ್ತಿದ್ದವನು. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಮೊರದಷ್ಟು ಭತ್ತ ತರುತ್ತಿದ್ದ. ಊರಿನ ನೀರನ್ನೆಲ್ಲ ಹಂಚುವ ಕೈ ಅದು. ಊರ ಬಾವಿಯಿಂದ ತನಗೆ ಒಂದು ಕೊಡ ಬೇಕಾದರೆ ಮಾತ್ರ ಯಾರಾದರೂ ಬಂದು ಸೇದಿ ಹುಯ್ಯಲಿ ಎಂದು ದೂರ ನಿಂತು ಕಾಯಬೇಕು. ಅಂಬರೀಶನ ತಲೆಮಾರಿನವರು ಮನೆಯಲ್ಲಿ ಬುದ್ಧನ ಫೋಟೋ ಇಟ್ಟು, ಬಿಳಿ ಅಂಗಿ ಹಾಕಿ, ಇದನ್ನೆಲ್ಲ ಸಭೆಗಳಲ್ಲಿ ಮಾತಾಡುತ್ತಾರೆ. ವೆಂಕಟೇಶ ಮಾತಾಡುವುದಿಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು, ನೀರುಗಂಟಿ ಮಗನೇ ಕೊಠಡಿಗೆ ನೀರು ಚಿಮುಕಿಸು ಎಂದಾಗ ಚಿಮುಕಿಸಿ, ಅದೇ ದಿನ ಪುಸ್ತಕದ ಚೀಲವನ್ನು ಕೆರೆಗೆ ಎಸೆದು ಬಂದಿದ್ದ.

ಅವನು ಹಿಡಿಯನ್ನು ಪೂರ್ತಿ ತಿರುಗಿಸಿದ. ನೀರು ಭೋರೆಂದು ಬಲೆಗೆ ಇಳಿಯಿತು. ಮಂಚದ ಮೇಲಿನ ಬೆನ್ನು ಒಂದಿಷ್ಟು ಮುದುಡಿದ ಹಾಗೆ ಕಂಡಿತು. ಚಳಿ ಇರಬೇಕು ಎಂದುಕೊಂಡ. ಹಿತ್ತಲಿನ ತಂತಿಯ ಮೇಲೆ ಇವತ್ತೂ ಒದ್ದೆ ದುಪ್ಪಟಿ ನೇತಾಡುತ್ತಿತ್ತು. ಅದೊಂದು ಬೇರೆ. ಕಲ್ಯಾಣಿ ದಿನಾ ದುಪ್ಪಟಿ ಒಗೆಯುತ್ತಾಳೆ, ದಿನಾ ಹಾಲ್‌ನ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಾಳೆ. ಹೋದ ತಿಂಗಳು ಅವನು, ನೀರೇನು ನಿಮ್ಮಪ್ಪ ಕಳಿಸ್ತಾನಾ ಎಂದು ಕೇಳಿದ್ದ. ಆಗಲೂ ಅವಳು ತಲೆ ಎತ್ತದೆ ನೆಲ ಒರೆಸುತ್ತಿದ್ದಳು. ಆಗ ಮಾತ್ರ ಅಮ್ಮ ಮಂಚದಿಂದ, ನೀರು ನಾನೇ ಜಾಸ್ತಿ ಕುಡೀತೀನಿ ನಾಯ್ನ, ಕಮ್ಮಿ ಮಾಡ್ತೀನಿ ಎಂದು ಮಗನಿಗೆ ಏನೋ ಸಂಬಂಧವಿಲ್ಲದ್ದು ಹೇಳಿದ್ದಳು. ವಯಸ್ಸಾಯಿತು, ಅರಳುಮರಳು ಎಂದು ಅವನು ಬಿಟ್ಟಿದ್ದ. ನಿಜವಾಗಿ ಬಿಟ್ಟಿದ್ದನೋ? ಆ ಕ್ಷಣ ಎದೆಯೊಳಗೆ ಏನೋ ಒಂದು ಸಣ್ಣ ಬಾಗಿಲು ತೆರೆದುಕೊಂಡಿತ್ತು, ಅವನು ಕಾಲಿನಿಂದ ಅದನ್ನು ಒದ್ದು ಮುಚ್ಚಿದ್ದ.

ಅಂಬರೀಶ ಹತ್ತೂಕಾಲಿಗೆ ಬಂದ. ಒಂದು ಕೆ.ಜಿ. ದ್ರಾಕ್ಷಿ ತಂದಿದ್ದ. ಅಕ್ಕಯಮ್ಮನ ಕಾಲು ಮುಟ್ಟಿ ಹೇಗಿದೀರ ಎಂದ. ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡು, ನಿಮ್ಮಂಥೋರು ಬಂದ್ರೆ ಚೆನ್ನಾಗೇ ಇರ್ತೀನಪ್ಪ ಎಂದಳು. ವೆಂಕಟೇಶ ಎರಡು ಪ್ಲಾಸ್ಟಿಕ್ ಕುರ್ಚಿಯನ್ನು ತೊಟ್ಟಿಯ ಎದುರಿಗೆ, ಮಂಚಕ್ಕೆ ಅಡ್ಡವಾಗಿ ಹಾಕಿದ. ಹಾಲ್ ಸಣ್ಣದು. ಕುರ್ಚಿ ಹಾಕಿದರೆ ಮಂಚದಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಿನ ಬಚ್ಚಲಿಗೆ ಹೋಗುವ ದಾರಿ ಮುಚ್ಚುತ್ತದೆ. ಅದು ಅವನ ಗಮನಕ್ಕೆ ಬರಲಿಲ್ಲ. ಅವನ ಗಮನವೆಲ್ಲ ಅಂಬರೀಶನ ಕಣ್ಣಿನ ಮೇಲಿತ್ತು.

ಅಂಬರೀಶ ಬಲೆಯನ್ನು ನೋಡಿದ. ಎಲ್ಬೋ ತೆಗೆದದ್ದು ಒಳ್ಳೆಯ ಐಡಿಯಾ ಎಂದ. ಎರಡೂ ಮುಖ ಪೂರಾ ನೆನೆಯುತ್ತಿದೆ, ಇನ್ನು ಗಾಜು ಕೆರೆಯುವ ಕೆಲಸವಿಲ್ಲ, ಫೋಟೋ ತೆಗೆದು ಹುಡುಗರಿಗೆ ತೋರಿಸುತ್ತೇನೆ ಎಂದ. ವೆಂಕಟೇಶನಿಗೆ ಕೂದಲ ಬುಡದ ತನಕ ಬಿಸಿಯಾಯಿತು. ಆಗಲೇ ಕಾಫಿ ತಂದ ಕಲ್ಯಾಣಿ ಲೋಟ ಕೊಡುತ್ತ, ಮಂಚದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು:

"ನೋಡಿದ್ದಾಯ್ತಲ್ಲ, ಸ್ವಲ್ಪ ಕಮ್ಮಿ ಮಾಡ್ರಿ. ಸದ್ದು ಜಾಸ್ತಿ."

ತಮ್ಮನ ಎದುರು. ಅವನು ಒಪ್ಪಿದ ಮರುಗಳಿಗೆಯಲ್ಲೇ. ವೆಂಕಟೇಶ ಎದ್ದು ಟೂಲ್ ಡಬ್ಬಿಯಿಂದ ಸ್ಪ್ಯಾನರ್ ತಂದ. ಬೀದಿಯ ವಾಲ್ವನ್ನು ಜನ ಕದ್ದು ತಿರುಗಿಸಿದರೆ ನೀರು ಬಿಡುವವರ ಕೆಲಸದಲ್ಲಿ ಒಂದೇ ಮದ್ದು: ತಿರುಗಿಸುವ ಕೀಲಿ ವಾಲ್ವಿನ ಹತ್ತಿರ ಇರಬಾರದು, ಇವರ ಹತ್ತಿರ ಇರಬೇಕು. ಅಪ್ಪನೂ ತೂಬಿನ ಕೋಲನ್ನು ತಲೆದಿಂಬಿಗೆ ಇಟ್ಟು ಮಲಗುತ್ತಿದ್ದ. ಅವನು ಕೆಂಪು ಹಿಡಿಯ ನಟ್ಟನ್ನು ಬಿಚ್ಚಿ, ಹಿಡಿ ಕಳಚಿ, ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಇನ್ನ ತಿರುಗಿಸ್ರಿ, ನೋಡಣ. ಯಾರು ತಿರುಗಿಸ್ತೀರೋ ತಿರುಗಿಸ್ರಿ."

ಅಂಬರೀಶ ನಗಲೋ ಬೇಡವೋ ಎಂದು ಕಾಫಿ ಕುಡಿದ. ಒಲೆಯ ಮೇಲೆ ಕುಕ್ಕರು ಕೂಗಿತು, ಕಲ್ಯಾಣಿ ಒಳಗೆ ಹೋದಳು.

ಆಮೇಲೆ ವೆಂಕಟೇಶ ಮಾತಾಡಿದ. ಅಷ್ಟು ಮಾತು ಅವನು ಎಂದೂ ಆಡಿದವನಲ್ಲ. ಸೀಳು ಅಗಲವಾದರೆ ತುದಿಗೆ ನೀರು ಸೋಲುತ್ತದೆ, ಕಿರಿದಾದರೆ ಪಾಚಿ ಒಳಗೆ ಬೇರು ಬಿಟ್ಟು ಮುಚ್ಚುತ್ತದೆ, ಅದಕ್ಕೆ ಪೈಪಿನ ತುದಿಯನ್ನು ಕಡ್ಡಿಯಷ್ಟು ಎತ್ತರ ಮಾಡಿದ್ದೇನೆ ಎಂದ. ಅಂಬರೀಶ ಕೇಳುತ್ತಿದ್ದ, ಲೆಕ್ಚರರ್ ತನ್ನ ಮಾತಿಗೆ ಹೂಂ ಎನ್ನುತ್ತಿದ್ದ. ನೀರು ಎರಡು ಕಡೆಯೂ ಇಳಿಯುತ್ತಿತ್ತು, ಬೀಳುತ್ತಿತ್ತು, ಮತ್ತೆ ಏರುತ್ತಿತ್ತು. ಹಿಂದಿನಿಂದ ಅಮ್ಮ "ನಾಯ್ನ" ಎಂದಳು. ಇರಮ್ಮ ಎಂದ. ಯಾವ ಮೋಟರು ಎಷ್ಟು ಎತ್ತರಕ್ಕೆ ಎಷ್ಟು ನೀರು ಏರಿಸುತ್ತದೆ ಎಂದು ಹೇಳುತ್ತಿದ್ದ. "ನಾಯ್ನ, ಸ್ವಲ್ಪ ಕುರ್ಚಿ..." ಎಂದಳು. ಅವನು ತಿರುಗದೆ, "ಮಾತಾಡ್ತಾ ಇಲ್ವೇನಮ್ಮ, ಒಂದೈದು ನಿಮಿಷ ಸುಮ್ನಿರು," ಎಂದ. ಅಂಬರೀಶ ಕುರ್ಚಿ ಸರಿಸಲು ಏಳಹೋದ. ವೆಂಕಟೇಶ ಅವನ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದ. ಮೂರನೆಯ ಸಲ ಅವಳು ಕರೆಯಲಿಲ್ಲ.

ಮೊದಲು ಕಂಡದ್ದು ಅಂಬರೀಶನ ಕಾಲಿನ ಹತ್ತಿರ. ನೆಲದ ಬಿಳಿ ಟೈಲಿನ ಸಂದಿಯಲ್ಲಿ ನೀರು ನಿಧಾನವಾಗಿ ಹರಿದು ಬರುತ್ತಿತ್ತು. ವೆಂಕಟೇಶ ಮಾತು ನಿಲ್ಲಿಸಿದ. ಲೀಕು. ಇಷ್ಟೆಲ್ಲ ಹೊಗಳಿಸಿಕೊಂಡ ಮೇಲೆ ಲೀಕು, ಅದೂ ಇವನ ಎದುರು. ಮಂಡಿಯೂರಿ ಕೂತು ಹೋಸಿನ ಜಾಯಿಂಟ್ ಮುಟ್ಟಿ ನೋಡಿದ, ಒಣಗಿತ್ತು. ತೊಟ್ಟಿಯ ಮೂಲೆಯ ಗಮ್ಮನ್ನು ಬೆರಳಿನಿಂದ ಒತ್ತಿದ, ಒಣಗಿತ್ತು. "ಎಲ್ಲಿಂದ ಬರ್ತಾ ಇದೆ ಇದು?" ಎಂದು ಗಟ್ಟಿಯಾಗಿ ಕೇಳಿದ. ಲೀಕು ಹುಡುಕುವುದು ಅವನಿಗೆ ಗೊತ್ತು. ನೀರನ್ನು ನೋಡಬಾರದು, ನೀರು ಬಂದ ದಾರಿಯನ್ನು ನೋಡಬೇಕು. ಅವನು ಟೈಲಿನ ಸಂದಿಯನ್ನೇ ಹಿಡಿದು, ನಾಲ್ಕು ಕಾಲಿನಲ್ಲಿ, ಕುರ್ಚಿಯ ಕೆಳಗೆ, ಅದರ ಹಿಂದೆ ಹೋದ. ಬೆರಳು ಅದ್ದಿದ. ಬೆಚ್ಚಗಿತ್ತು. ಬೆಚ್ಚಗಿದೆ ಎನ್ನುವುದು ತಿಳಿದ ಮೇಲೂ ಅವನ ತಲೆ ಇನ್ನೂ ಪೈಪನ್ನೇ ಹುಡುಕುತ್ತಿತ್ತು. ಬಿಸಿಲಿಗೆ ಕಾದ ಪೈಪು ಯಾವುದು ಈ ಮನೆಯಲ್ಲಿ ಎಂದು. ತಲೆ ಎತ್ತಿದಾಗ ಒಂದು ಗೇಣು ದೂರದಲ್ಲಿ ಅಮ್ಮನ ಪಾದಗಳಿದ್ದವು. ಅವಳು ಮಂಚದ ಅಂಚಿನಲ್ಲಿ ಎರಡೂ ಕೈಯಿಂದ ಪಟ್ಟಿ ಹಿಡಿದು ಕೂತಿದ್ದಳು. ಸೀರೆಯ ನೆರಿಗೆ ಕಾಲಿಗೆ ಅಂಟಿತ್ತು. ಅವಳು ಅವನನ್ನು ನೋಡುತ್ತಿರಲಿಲ್ಲ, ಅಂಬರೀಶನನ್ನು ನೋಡುತ್ತಿದ್ದಳು.

ಕಲ್ಯಾಣಿ ಬಂದವಳು ವಾಲ್ವಿನ ಕಡೆ ಕೈ ಚಾಚಿ, ಹಿಡಿ ಇಲ್ಲದ್ದು ಕಂಡು, ಮೋಟರಿನ ಪ್ಲಗ್ಗನ್ನೇ ಕಿತ್ತಳು. ಸದ್ದು ನಿಂತಿತು. ಅಂಬರೀಶ ಫೋನು ಬಂದವನ ಹಾಗೆ ಫೋನನ್ನು ಕಿವಿಗೆ ಇಟ್ಟುಕೊಂಡು ಹೊರಗೆ ಹೋದ, ಆಮೇಲೆ ಅವನ ಬೈಕಿನ ಸದ್ದು ಕೇಳಿತು. ಕಲ್ಯಾಣಿ ಅತ್ತೆಯ ತೋಳು ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ, ಬಟ್ಟೆ ಕೊಟ್ಟು, ಬಾಗಿಲು ಎಳೆದು ಹೊರಗೆ ಬಂದಳು.

"ವಾಲ್ವ್ ತಿರುಗಿಸ್ತಾ ಇದ್ದಿದ್ದು ಅವರು," ಎಂದಳು. "ಆ ಸದ್ದು ಕೇಳಿದ್ರೆ ಅವರಿಗೆ ತಡೆಯಕ್ಕಾಗಲ್ಲ. ಹಿತ್ತಲ ತನಕ ಹೋಗೋಷ್ಟ್ರಲ್ಲಿ ಆಗೋಗುತ್ತೆ. ಬೆಳಗಿನ ಜಾವ ಗೋಡೆ ಹಿಡ್ಕಂಡು ಎದ್ದು ಕಮ್ಮಿ ಮಾಡ್ತಿದ್ರು. ನನ್ನ ಮಗನಿಗೆ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕಂಡಿದ್ರು. ನೀವು ದಿನಾ ಬೈದ್ರಿ, ನಾನು ಬೈಸ್ಕಂಡೆ."

ನಾಚಿಕೆ ಬರಬೇಕಿತ್ತು. ಬಂದದ್ದು ಕೋಪ. ಎಲ್ಲರೂ ಸೇರಿ ತನ್ನಿಂದ ಮುಚ್ಚಿಟ್ಟರು, ತನ್ನನ್ನು ನೆಲದ ಮೇಲೆ ನಾಯಿಯ ಹಾಗೆ ಮೂಸುವ ಹಾಗೆ ಮಾಡಿದರು. ಒಂದು ಮಾತು ಹೇಳಿದ್ದರೆ? ಹೇಳಿದ್ದರೆ ಏನು ಮಾಡುತ್ತಿದ್ದೆ ಎಂದು ಒಳಗೆ ಯಾರೋ ಕೇಳಿದರು. ಹಿಂದೆ ಊರಿನಲ್ಲಿ ಅಪ್ಪನಿಗೆ ಜ್ವರ ಬಂದು ಮೂರು ದಿನ ಮಲಗಿದ್ದಾಗ, ಸರದಿ ತಪ್ಪಬಾರದೆಂದು ಅಮ್ಮ ಬೆಳಗಾಗುವ ಮುಂಚೆ ಸೊಂಟದ ನೀರಿಗಿಳಿದು ತೂಬು ಎತ್ತಿದ್ದಳು. ಹೆಂಗಸು ತೂಬು ಮುಟ್ಟಿದಳು ಎಂದು ಗೌಡರು ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಜ್ವರದಲ್ಲೇ ಎದ್ದು ಬಂದು ಕೆರೆಯ ಏರಿಯ ಮೇಲೆ, ಎಲ್ಲರ ಎದುರು, ಒದ್ದೆ ಸೀರೆಯಲ್ಲಿದ್ದ ಅವಳಿಗೆ ತೂಬಿನ ಕೋಲಿನಿಂದ ಹೊಡೆದ. ಅವಳು ಆಗಲೂ ಹೊಡೆಯುವವನನ್ನು ನೋಡದೆ ನಿಂತವರನ್ನು ನೋಡುತ್ತಿದ್ದಳು. ಎಂಟು ವರ್ಷದ ವೆಂಕಟೇಶ ಹುಣಸೆಮರದ ಹಿಂದೆ ನಿಂತು, ದೊಡ್ಡವನಾದ ಮೇಲೆ ಅಪ್ಪನನ್ನು ಕೊಲ್ಲುತ್ತೇನೆ ಎಂದುಕೊಂಡಿದ್ದ.

ಅಕ್ಕಯಮ್ಮ ಒಳಗಿನಿಂದ ಬಂದಳು. ಒಗೆದ ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಕೋಲು.

"ಎಲ್ಲಿಗೆ?"

"ನಗರಗೆರೆಗೆ."

ಅವನು ಇವತ್ತೇ ವಾಲ್ವು ಕಿತ್ತು ಹಾಕುತ್ತೇನೆ ಎಂದ. ತೊಟ್ಟಿಯನ್ನೇ ಅಂಬರೀಶನ ಮನೆಗೆ ಹೊತ್ತು ಹಾಕುತ್ತೇನೆ, ಹಾಲ್‌ಗೇ ಒಂದು ಬಚ್ಚಲು ಕಟ್ಟಿಸುತ್ತೇನೆ ಎಂದ. ಹೇಳುತ್ತ ಹೇಳುತ್ತ ದನಿ ಏರಿತು. ಊರವರ ಎದುರು ಮಾತು ಕೊಟ್ಟು ಕರೆದು ತಂದಿದ್ದೇನೆ, ಆ ಚಪ್ಪರದ ಕೆಳಗೆ ಮತ್ತೆ ಹೋಗಿ ಬಿದ್ದರೆ ನನ್ನ ಮುಖಕ್ಕೆ ಏನು ಉಳಿಯುತ್ತದೆ ಎಂದು ಕೇಳಿದ.

"ಆ ಚಪ್ಪರದ ಪಕ್ಕ ಹಿತ್ತಲು ಐತೆ, ನಾಲ್ಕು ಹೆಜ್ಜೆ," ಎಂದಳು ಅವಳು. "ತಡ ಆದ್ರೂ ಮಣ್ಣು ಕುಡ್ಕಂತದೆ. ಅಲ್ಲಿ ಯಾರೂ ಬಗ್ಗಿ ಹುಡುಕಲ್ಲ ನಾಯ್ನ, ನೀರು ಎಲ್ಲಿಂದ ಬಂತು ಅಂತ."

ಅವನು ಬಾಗಿಲಿಗೆ ಅಡ್ಡ ನಿಂತ. ಅವಳು ನಿಂತಳು. ದೂಡಲಿಲ್ಲ, ಸರಿ ಎನ್ನಲಿಲ್ಲ, ಅವನ ಅಂಗಿಯ ಗುಂಡಿಯನ್ನು ನೋಡುತ್ತ ಕಾಯುತ್ತಿದ್ದಳು. ಊರ ಬಾವಿಯ ಹತ್ತಿರ ಯಾರಾದರೂ ಬರಲಿ ಎಂದು ಕಾಯುವವರ ಹಾಗೆ. ಅಷ್ಟು ತಾಳ್ಮೆಯಿಂದ ತನ್ನ ಮನೆಯಲ್ಲಿ, ತನ್ನ ಎದುರು, ತನ್ನ ತಾಯಿ ಕಾಯುವುದನ್ನು ಅವನಿಂದ ನೋಡಲಾಗಲಿಲ್ಲ. ಕಾಲು ಹಿಡಿಯಬೇಕು ಎನ್ನಿಸಿತು. ಕಾಲು ಹಿಡಿಯಲು ಮತ್ತೆ ಆ ನೆಲಕ್ಕೇ ಬಗ್ಗಬೇಕು.

"ಹೋದ್ರೆ ಹೋಗು," ಎಂದ. "ಒಂದ್ಸಲ ಹೋದ್ಮೇಲೆ ಮತ್ತೆ ಬರಬೇಡ. ನಾನೂ ಕರೆಯಕ್ಕೆ ಬರಲ್ಲ."

"ಆಗ್ಲಿ," ಎಂದಳು ಅಕ್ಕಯಮ್ಮ.

ಅವನೇ ಪಕ್ಕಕ್ಕೆ ಸರಿದಿದ್ದ. ಯಾವಾಗ ಸರಿದೆ ಎಂದು ತಿಳಿಯಲಿಲ್ಲ. ಕಲ್ಯಾಣಿ ಚಪ್ಪಲಿ ಮೆಟ್ಟಿಕೊಂಡು, ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡು ಹಿಂದೆ ಹೋದಳು. ಅವನ ಕಡೆ ತಿರುಗಲಿಲ್ಲ. ಓಣಿಯಲ್ಲಿ ಬಿಸಿಲು ಏರಿತ್ತು. ಅರ್ಧ ದಾರಿಯಲ್ಲಿ ಟ್ರಾನ್ಸ್‌ಫಾರ್ಮರಿನ ಕಟ್ಟೆ ಇದೆ. ಆಸ್ಪತ್ರೆಗೆ ಹೋಗುವಾಗ ಬರುವಾಗಲೆಲ್ಲ ಅಲ್ಲಿ ಕೂತು ದಣಿವಾರಿಸಿಕೊಳ್ಳದೆ ಅಮ್ಮ ಮುಂದೆ ಹೋದವಳಲ್ಲ. ಒಂದು ಸಲವೂ ಹೋದವಳಲ್ಲ. ಅಲ್ಲಿ ಕೂತೇ ಕೂರುತ್ತಾಳೆ, ಕೂತಾಗ ತಾನು ಹೋಗಿ ಪಕ್ಕದಲ್ಲಿ ನಿಲ್ಲಬಹುದು, ಏನೂ ಹೇಳಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು ಎಂದು ವೆಂಕಟೇಶ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಂಡು ಕಾದ. ಅಕ್ಕಯಮ್ಮ ಕಟ್ಟೆಯ ಹತ್ತಿರ ಬಂದಳು. ಕಲ್ಯಾಣಿ ಏನೋ ಹೇಳಿ ಅವಳ ತೋಳು ಹಿಡಿದಳು. ಅವಳು ಕೈ ಬಿಡಿಸಿಕೊಂಡು, ಕೋಲು ಊರಿಕೊಂಡು, ಕಟ್ಟೆಯನ್ನು ದಾಟಿ, ಬಸ್ ಸ್ಟ್ಯಾಂಡಿನ ರಸ್ತೆಗೆ ತಿರುಗಿ ಹೋದಳು.